ವಿಪ್ ಕೊಟ್ಟ ಮೇಲೂ ಮಾತಾಡಬೇಕು

2019ರ ಜುಲೈ 23, ಮಂಗಳವಾರ. ಅವತ್ತು ವಿಧಾನಸೌಧದಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರ ವಿಶ್ವಾಸಮತದಲ್ಲಿ ಸೋತಿತು. ಪರ 99, ವಿರುದ್ಧ 105. ಅದೇ ದಿನ ಲಂಡನ್ನಿನಲ್ಲಿ ಬೋರಿಸ್ ಜಾನ್ಸನ್ ಕನ್ಸರ್ವೇಟಿವ್ ಪಕ್ಷದ ನಾಯಕರಾಗಿ ಆಯ್ಕೆಯಾದರು, ಮಾರನೇ ದಿನ ಪ್ರಧಾನಿಯಾದರು. ಬ್ರಿಟನ್ನಿನಲ್ಲಿರುವ ನನ್ನಂಥ ಕನ್ನಡಿಗರ ಫೋನಿಗೆ ಎರಡೂ ಸುದ್ದಿ ಒಂದರ ಬೆನ್ನಿಗೆ ಒಂದು ಬಂದವು. ಶಾಸಕರನ್ನು ಮುಂಬೈ ಹೋಟೆಲ್ಲಿನಲ್ಲಿ ಇಟ್ಟಿದ್ದಾರೆ ಅಂದರೆ ಇಲ್ಲಿನ ಆಫೀಸಿನವರಿಗೆ ನಂಬಿಕೆಯೇ ಬರಲಿಲ್ಲ. ಊರಿಗೆ ಫೋನ್ ಮಾಡಿ ಇಲ್ಲಿನ ಕತೆ ಹೇಳಿದರೆ ಅಪ್ಪನಿಗೂ ನಂಬಿಕೆ ಬರಲಿಲ್ಲ. ಪಕ್ಷದ ವಿರುದ್ಧ ವೋಟು ಹಾಕಿಯೂ ಎಂಪಿಗಿರಿ ಉಳಿಯುತ್ತಾ? ಅದು ಹೇಗೆ?

ಉಳಿಯುತ್ತದೆ. ಆರು ವಾರದಲ್ಲಿ ಎಲ್ಲರೂ ಅದನ್ನು ಕಣ್ಣಾರೆ ನೋಡಿದರು. ಸೆಪ್ಟೆಂಬರ್ 3ರ ರಾತ್ರಿ ಜಾನ್ಸನ್ ಪಕ್ಷದ 21 ಎಂಪಿಗಳು ವಿರೋಧ ಪಕ್ಷದವರ ಜತೆ ಸೇರಿ ಮತ ಹಾಕಿದರು. ಒಪ್ಪಂದವೇ ಇಲ್ಲದೆ ಯುರೋಪಿಯನ್ ಯೂನಿಯನ್ನಿನಿಂದ ಹೊರಬೀಳುವುದನ್ನು ತಡೆಯಬೇಕು ಅನ್ನುವುದು ಅವರ ಹಟ. ಸರ್ಕಾರ 328–301ರಲ್ಲಿ ಸೋತಿತು. ಜಾನ್ಸನ್ 21 ಜನರನ್ನೂ ಸಂಸದೀಯ ಪಕ್ಷದಿಂದ ಹೊರಗೆ ಹಾಕಿದರು. ಅವರೇನು ಸಾಮಾನ್ಯರಲ್ಲ. 1970ರಿಂದ ಸದನದಲ್ಲಿದ್ದ ಕೆನ್ ಕ್ಲಾರ್ಕ್, ಜುಲೈ ತನಕ ಹಣಕಾಸು ಸಚಿವರಾಗಿದ್ದ ಫಿಲಿಪ್ ಹ್ಯಾಮಂಡ್, ಚರ್ಚಿಲ್ಲರ ಮೊಮ್ಮಗ ನಿಕೋಲಸ್ ಸೋಮ್ಸ್. ಮಾರನೇ ದಿನ ಇವರೆಲ್ಲ ಎಂದಿನಂತೆ ಬಂದು ಸದನದಲ್ಲಿ ಕೂತರು. ಸೀಟಿಗೆ ಏನೂ ಆಗಲಿಲ್ಲ. ಮತದಾನಕ್ಕೆ ಮುಂಚೆ, 3ರ ಮಧ್ಯಾಹ್ನದ ದೃಶ್ಯವಂತೂ ಇನ್ನೂ ಚೆನ್ನಾಗಿತ್ತು. ಜಾನ್ಸನ್ ನಿಂತು ಮಾತಾಡುತ್ತಿರುವಾಗಲೇ ಫಿಲಿಪ್ ಲೀ ಅನ್ನುವ ಎಂಪಿ ಎದ್ದು ಎದುರಿನ ಸಾಲಿಗೆ ನಡೆದುಹೋಗಿ ಲಿಬರಲ್ ಡೆಮಾಕ್ರಾಟರ ಪಕ್ಕ ಕೂತುಬಿಟ್ಟರು. ಆ ನಾಲ್ಕು ಹೆಜ್ಜೆಗೆ ಸರ್ಕಾರದ ಬಹುಮತವೇ ಹೋಯಿತು.

ನಮ್ಮಲ್ಲಿ ಹಾಗಾಗುವುದಿಲ್ಲ. 1985ರಲ್ಲಿ ಪಕ್ಷಾಂತರ ತಡೆಯುವ ಕಾಯ್ದೆ, ಅಂದರೆ ಸಂವಿಧಾನದ ಹತ್ತನೇ ಶೆಡ್ಯೂಲ್ ಬಂತು. ಅಲ್ಲಿಂದ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿದವರು ಸದಸ್ಯತ್ವ ಕಳೆದುಕೊಳ್ಳುತ್ತಾರೆ. ಕರ್ನಾಟಕದ 17 ಶಾಸಕರನ್ನು ಸ್ಪೀಕರ್ ರಮೇಶ್ ಕುಮಾರ್ ಅನರ್ಹಗೊಳಿಸಿದ್ದು ಆ ಕಾಯ್ದೆಯಡಿಯಲ್ಲೇ. ಆಮೇಲೆ ಏನಾಯಿತು ಅಂತ ಓದುಗರಿಗೆ ಗೊತ್ತು. ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರಿನಲ್ಲಿ 15 ಕಡೆ ಉಪಚುನಾವಣೆ ನಡೆದು 12 ಕಡೆ ಬಿಜೆಪಿ ಗೆದ್ದಿತು. ಇಲ್ಲಿ ಹೊರಹಾಕಿಸಿಕೊಂಡ 21 ಜನರ ಪೈಕಿ ಡೊಮಿನಿಕ್ ಗ್ರೀವ್, ಡೇವಿಡ್ ಗೌಕ್ ಅಂಥವರು ಅದೇ ಡಿಸೆಂಬರಿನಲ್ಲಿ ಸ್ವತಂತ್ರರಾಗಿ ನಿಂತು ಸೋತರು. ಕ್ಲಾರ್ಕ್ ನಿಲ್ಲಲೇ ಇಲ್ಲ.

ಯಾವುದು ಮೇಲು ಅಂತ ತೀರ್ಪು ಕೊಡಲು ಹೊರಟಿಲ್ಲ. ಮನಬಂದಂತೆ ಪಕ್ಷ ಬದಲಿಸುವ ಆಯಾರಾಂ ಗಯಾರಾಂ ಕಾಲ ನೋಡಿದವರಿಗೆ ನಮ್ಮ ಕಾಯ್ದೆ ಯಾಕೆ ಬೇಕಾಯಿತು ಅಂತ ಗೊತ್ತು. ಆದರೆ ಇಲ್ಲಿ ಇಷ್ಟು ವರ್ಷ ಇದ್ದು, ರಾತ್ರಿ ಹೊತ್ತು ಸಂಸತ್ತಿನ ಚಾನೆಲ್ ಹಾಕಿಕೊಂಡು ಕೂರುವ ಚಟ ಹತ್ತಿಸಿಕೊಂಡ ಮೇಲೆ ನನಗೆ ಒಂದು ವಿಷಯ ಬಲವಾಗಿ ಅನಿಸಿದೆ. ವಿಪ್ ಕೊಟ್ಟು ಪಕ್ಷದ ಮತಗಳನ್ನು ಒಟ್ಟಿಗೆ ಇಡುವವರು ಸಚೇತಕರು. ನಮ್ಮ ಸಚೇತಕರ ಕೈಯಲ್ಲಿ ಕಾಯ್ದೆ ಇದೆ. ಹಾಗಾಗಿ ಅವರು ತಮ್ಮ ಶಾಸಕರ ಜತೆ ಮಾತಾಡಲೇಬೇಕು ಅಂತಿಲ್ಲ. ಬ್ರಿಟನ್ನಿನ ಸಚೇತಕರ ಕೈಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಆದ್ದರಿಂದ ಮಾತಾಡಲೇಬೇಕು. ಈ ದೇಶದ ರಾಜಕೀಯದಲ್ಲಿ ತೆರೆಮರೆ ಅಂತ ಇದ್ದರೆ ಅದು ಮುಖ್ಯವಾಗಿ ಈ ಮಾತುಕತೆಯೇ. ಇತ್ತೀಚೆಗೆ ಇಲ್ಲಿ ಬಿದ್ದ ಪ್ರಧಾನಿಗಳ ಕತೆ ತೆಗೆದು ನೋಡಿ. ಮೊದಲು ಕೆಟ್ಟಿರುವುದು ಅದೇ.

ಸಚೇತಕರ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಸರ್ಕಾರದ ಸಚೇತಕರು ಸದನದಲ್ಲಿ ಭಾಷಣ ಮಾಡುವುದಿಲ್ಲ, ಅದು ರೂಢಿ. ಮುಖ್ಯ ಸಚೇತಕರ ಅಧಿಕೃತ ಹುದ್ದೆಯ ಹೆಸರು ಖಜಾನೆಯ ಸಂಸದೀಯ ಕಾರ್ಯದರ್ಶಿ. ಖಜಾನೆಗೂ ಅವರಿಗೂ ಸಂಬಳದ ಹೊರತು ಸಂಬಂಧವಿಲ್ಲ. ಅವರ ಕೆಳಗಿನ ಒಬ್ಬ ಸಚೇತಕರಿಗೆ ಅರಮನೆಯ ಉಪ ಚೇಂಬರ್ಲೇನ್ ಅನ್ನುವ ಪದವಿ. ಸದನ ನಡೆದ ದಿನ ಏನೇನಾಯಿತು ಅಂತ ಅವರು ರಾಜರಿಗೆ ವರದಿ ಬರೆದು ಕಳಿಸಬೇಕು. ಸಂಸತ್ತಿನ ಅಧಿವೇಶನ ಉದ್ಘಾಟಿಸಲು ರಾಜರು ಬಂದ ದಿನ ಇದೇ ಮನುಷ್ಯ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಒತ್ತೆಯಾಳಾಗಿ ಕೂತಿರಬೇಕು. ರಾಜರನ್ನು ಸಂಸತ್ತು ಸುರಕ್ಷಿತವಾಗಿ ವಾಪಸ್ ಕಳಿಸಲಿ ಅಂತ. ಚಹಾ ಕೊಟ್ಟು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ ಬಿಡಿ.

ಇವರ ನಿಜವಾದ ಕೆಲಸ ಎಣಿಸುವುದು. ಮದುವೆಮನೆಯಲ್ಲಿ ಯಾರು ಊಟಕ್ಕೆ ಕೂತರು, ಯಾರು ಮುನಿಸಿಕೊಂಡು ಚಪ್ಪರದ ಮೂಲೆಯಲ್ಲಿ ನಿಂತಿದ್ದಾರೆ ಅಂತ ಒಬ್ಬ ಸೋದರಮಾವ ನೋಡಿಕೊಳ್ಳುತ್ತಾನಲ್ಲ, ಹಾಗೆ. ಪ್ರತಿ ಸಚೇತಕರಿಗೂ ಇಷ್ಟು ಎಂಪಿಗಳು ಅಂತ ಹಂಚಿರುತ್ತಾರೆ. ಯಾರ ಮಗುವಿಗೆ ಹುಷಾರಿಲ್ಲ, ಯಾರ ಸಂಸಾರ ಒಡೆಯುತ್ತಿದೆ, ಯಾರಿಗೆ ಸಾಲ, ಯಾರಿಗೆ ಮಂತ್ರಿಗಿರಿ ಸಿಗದೆ ಹೊಟ್ಟೆ ಉರಿಯುತ್ತಿದೆ. ಎಲ್ಲ ಗೊತ್ತಿರಬೇಕು. ಇದಕ್ಕೆ ಕತ್ತಲೆ ಮುಖವೂ ಇದೆ. ಎಪ್ಪತ್ತರ ದಶಕದ ಆರಂಭದಲ್ಲಿ ಸಚೇತಕರಾಗಿದ್ದ ಟಿಮ್ ಫೋರ್ಟೆಸ್ಕ್ಯೂ 1995ರಲ್ಲಿ ಬಿಬಿಸಿಯ ಒಂದು ಸಾಕ್ಷ್ಯಚಿತ್ರದಲ್ಲಿ ಇದನ್ನು ಬಾಯಿಬಿಟ್ಟರು. ಹುಡುಗರ ವಿಷಯದ ಹಗರಣದಲ್ಲಿ ಸಿಕ್ಕಿಬಿದ್ದ ಎಂಪಿಗೂ ಸಹಾಯ ಮಾಡುತ್ತಿದ್ದೆವು, ಆಮೇಲೆ ಅವನು ನಾವು ಹೇಳಿದಂತೆ ಕೇಳುತ್ತಿದ್ದ ಅನ್ನುವ ಅರ್ಥದಲ್ಲಿ, ಮುಖದಲ್ಲಿ ಅಳುಕೇ ಇಲ್ಲದೆ ಹೇಳಿದರು. ಇದನ್ನು ಕೇಳಿದ ಮೇಲೆ ಸಚೇತಕರ ಬಗ್ಗೆ ತೀರಾ ಪ್ರೀತಿಯಿಂದ ಬರೆಯಲು ನನಗಾಗುವುದಿಲ್ಲ. 2016ರಲ್ಲಿ ಮುಖ್ಯ ಸಚೇತಕರಾದ ಗ್ಯಾವಿನ್ ವಿಲಿಯಮ್ಸನ್ ತಮ್ಮ ಮೇಜಿನ ಮೇಲೆ ಒಂದು ದೊಡ್ಡ ಟರಾಂಟುಲಾ ಜೇಡ ಸಾಕಿಕೊಂಡಿದ್ದರು. ಅದಕ್ಕೆ ಕ್ರೋನಸ್ ಅಂತ ಹೆಸರು. ಹೆದರಿಸುವುದಕ್ಕೋ ನಗಿಸುವುದಕ್ಕೋ ಗೊತ್ತಾಗದಂಥ ವ್ಯವಸ್ಥೆ.

ಮತದಾನದ ರೀತಿಯೂ ಈ ಕೆಲಸಕ್ಕೆ ಅಳತೆ ಮಾಡಿ ಹೊಲಿದ ಹಾಗಿದೆ. ಊರಿಂದ ನೆಂಟರು ಬಂದಾಗ ನಾವು ಮೊದಲು ಥೇಮ್ಸ್ ನದಿಯ ಆಚೆ ದಡದ ಬಸವಣ್ಣನ ಪ್ರತಿಮೆಗೆ ಹೋಗುತ್ತೇವೆ. ಆಮೇಲೆ ಸೇತುವೆ ದಾಟಿ ಸಂಸತ್ತಿನ ಸಾರ್ವಜನಿಕ ಗ್ಯಾಲರಿಯ ಸಾಲಿಗೆ. ಒಳಗೆ ಹೋದವರು ಹೇಳುವ ಮೊದಲ ಮಾತು, ಇಷ್ಟು ಚಿಕ್ಕದಾ? ಎಂಪಿಗಳು 650, ಕೂರಲು ಜಾಗ ಸುಮಾರು 427 ಜನರಿಗೆ. 1941ರಲ್ಲಿ ಜರ್ಮನ್ ಬಾಂಬಿಗೆ ಹಳೆಯ ಸಭಾಂಗಣ ಸುಟ್ಟುಹೋದಾಗ ಚಿಕ್ಕದಾಗಿಯೇ ಕಟ್ಟಬೇಕು ಅಂತ ಚರ್ಚಿಲ್ ಹಟ ಹಿಡಿದರು. ಗುಂಡಿ ಒತ್ತಿ ಮತ ಹಾಕುವುದು ಇಲ್ಲಿ ಇಲ್ಲ. ಗಂಟೆ ಬಾರಿಸುತ್ತದೆ, ಎಂಟು ನಿಮಿಷ ಸಮಯ, ಆಮೇಲೆ ಬಾಗಿಲು ಹಾಕುತ್ತಾರೆ. ಪರ ಇರುವವರು ಒಂದು ಓಣಿಯಲ್ಲಿ, ವಿರೋಧ ಇರುವವರು ಇನ್ನೊಂದು ಓಣಿಯಲ್ಲಿ ನಡೆದು ಹೋಗಬೇಕು. ಪ್ರಧಾನಿಯೂ ಅದೇ ಓಣಿಯಲ್ಲಿ ನಡೆಯಬೇಕು. ಹೊಸ ಎಂಪಿಗೆ ಪ್ರಧಾನಿಯ ಕೈಹಿಡಿದು ತನ್ನ ಊರಿನ ಆಸ್ಪತ್ರೆ ವಿಷಯ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎಲೆಕ್ಟ್ರಾನಿಕ್ ಮತದಾನ ಬೇಡ ಅನ್ನುವವರು ಕೊಡುವ ಕಾರಣಗಳಲ್ಲಿ ಇದೂ ಒಂದು. ಓಣಿಯ ಬಾಗಿಲಲ್ಲಿ ಸಚೇತಕರು ನಿಂತಿರುತ್ತಾರೆ. ಯಾವ ಕಡೆ ತಿರುಗಿದ ಅಂತ ಎದುರಿಗೇ ಕಾಣುತ್ತದೆ.

ಇನ್ನು ಎರಡೂ ಪಕ್ಷದ ಸಚೇತಕರ ನಡುವಿನ ಮಾತು. ಯಾವ ಮಸೂದೆಗೆ ಎಷ್ಟು ಹೊತ್ತು, ಯಾವ ದಿನ ಯಾವ ಚರ್ಚೆ ಅನ್ನುವುದೆಲ್ಲ ಇಲ್ಲಿ ತೀರ್ಮಾನ. ಇದನ್ನು ನಡೆಸಿಕೊಡುವುದು ಸರ್ಕಾರಿ ಮುಖ್ಯ ಸಚೇತಕರ ಖಾಸಗಿ ಕಾರ್ಯದರ್ಶಿ. ಇವರು ರಾಜಕಾರಣಿಯಲ್ಲ, ಸರ್ಕಾರಿ ನೌಕರ. ಸರ್ಕಾರ ಬದಲಾದರೂ ಇವರು ಬದಲಾಗುವುದಿಲ್ಲ. 1919ರಿಂದ 2019ರವರೆಗಿನ ನೂರು ವರ್ಷದಲ್ಲಿ ಈ ಕುರ್ಚಿಯಲ್ಲಿ ಕೂತವರು ನಾಲ್ಕೇ ಜನ. ಆ ಅವಧಿಯಲ್ಲಿ ಎಷ್ಟು ಪ್ರಧಾನಿಗಳು ಬಂದು ಹೋದರು ಅಂತ ಎಣಿಸಿದರೆ ಯಾರು ಖಾಯಂ, ಯಾರು ಬಾಡಿಗೆಯವರು ಅಂತ ಗೊತ್ತಾಗುತ್ತದೆ.

ಪೇರಿಂಗ್ ಅನ್ನುವ ರೂಢಿ ಹುಟ್ಟಿದ್ದೂ ಇಂಥ ಮಾತಿನಿಂದಲೇ. ನಿಮ್ಮ ಕಡೆ ಒಬ್ಬರಿಗೆ ಹುಷಾರಿಲ್ಲವೇ? ಸರಿ, ನಮ್ಮ ಕಡೆಯೂ ಒಬ್ಬರು ಮತ ಹಾಕುವುದಿಲ್ಲ, ಲೆಕ್ಕ ಸಮ. ಬರೆದಿಟ್ಟ ನಿಯಮವಿಲ್ಲ, ಮುರಿದರೆ ಶಿಕ್ಷೆಯೂ ಇಲ್ಲ.

ಇದರ ಬಗ್ಗೆ ಹೇಳುವಾಗ 1979ರ ಮಾರ್ಚ್ 28ರ ಕತೆ ಹೇಳದೆ ಇರಲು ಆಗುವುದಿಲ್ಲ. ಲೇಬರ್ ಪ್ರಧಾನಿ ಜೇಮ್ಸ್ ಕ್ಯಾಲಹನ್ ವಿರುದ್ಧ ಅವಿಶ್ವಾಸ ಗೊತ್ತುವಳಿ ಬಂದಿತ್ತು. ಒಂದೊಂದು ವೋಟೂ ಲೆಕ್ಕಕ್ಕೆ. ಲೇಬರ್ ಪಕ್ಷದ ಸರ್ ಆಲ್ಫ್ರೆಡ್ ಬ್ರೌಟನ್ ಯಾರ್ಕ್‌ಷೈರಿನಲ್ಲಿ ಸಾವಿನ ಹಾಸಿಗೆಯಲ್ಲಿದ್ದರು. ಆಂಬುಲೆನ್ಸಿನಲ್ಲಿ ಸಂಸತ್ತಿನ ಅಂಗಳದವರೆಗೆ ತಂದರೆ ಸಾಕು, ಒಳಗೆ ಬಾರದಿದ್ದರೂ ಮತ ಎಣಿಸುತ್ತಾರೆ. ಅವರು ಬರಲು ತಯಾರಿದ್ದರು. ದಾರಿಯಲ್ಲೇ ಪ್ರಾಣ ಹೋಗಬಹುದು ಅಂತ ವೈದ್ಯರು ಎಚ್ಚರಿಸಿದರು. ಬೇಡ ಅಂತ ಕ್ಯಾಲಹನ್ ನಿರ್ಧರಿಸಿದರು.

ಆಗ ಲೇಬರ್ ಉಪ ಮುಖ್ಯ ಸಚೇತಕ ವಾಲ್ಟರ್ ಹ್ಯಾರಿಸನ್ ಎದುರು ಪಕ್ಷದ ಉಪ ಮುಖ್ಯ ಸಚೇತಕ ಬರ್ನಾರ್ಡ್ ವೆದರಿಲ್ ಹತ್ತಿರ ಹೋದರು. ಹುಷಾರಿಲ್ಲದವರಿಗೆ ಜೋಡಿ ಕೊಡುತ್ತೇವೆ ಅಂತ ನಮ್ಮಿಬ್ಬರ ಮಾತಿತ್ತಲ್ಲ, ಕೊಡಿ ಅಂದರು. ಅವಿಶ್ವಾಸ ಮತಕ್ಕೆ ಆ ರೂಢಿ ಯಾವತ್ತೂ ಇರಲಿಲ್ಲ, ಇವತ್ತು ನಮ್ಮ ಕಡೆಯಿಂದ ಒಬ್ಬನೂ ಒಪ್ಪುವುದಿಲ್ಲ ಅಂದರು ವೆದರಿಲ್. ಸ್ವಲ್ಪ ಹೊತ್ತು ಬಿಟ್ಟು, ಆದರೆ ಮಾತು ಕೊಟ್ಟವನು ನಾನು, ಹಾಗಾಗಿ ನಾನೇ ಮತ ಹಾಕುವುದಿಲ್ಲ ಅಂದರು. ಹಾಗೆ ಮಾಡಿದ್ದರೆ ಅವರ ರಾಜಕೀಯ ಅವತ್ತೇ ಮುಗಿಯುತ್ತಿತ್ತು. ಹ್ಯಾರಿಸನ್‌ಗೆ ಅದನ್ನು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಬೇಡ, ನಿಮ್ಮ ಮಾತಿನಿಂದ ನಿಮ್ಮನ್ನು ಬಿಟ್ಟಿದ್ದೇನೆ ಅಂದರು. ಸರ್ಕಾರ 311–310ರಲ್ಲಿ ಬಿತ್ತು. ಒಂದೇ ವೋಟು. ಮೇ ತಿಂಗಳಲ್ಲಿ ಥ್ಯಾಚರ್ ಬಂದರು. ಬ್ರೌಟನ್ ಅಷ್ಟರಲ್ಲಿ ತೀರಿಕೊಂಡಿದ್ದರು.

ವೆದರಿಲ್ 1983ರಲ್ಲಿ ಸ್ಪೀಕರ್ ಆದರು. ಟೈಲರ್ ಅಂಗಡಿಯ ಮನೆತನ. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೇನೆಯಲ್ಲಿದ್ದರು. ಬಂಗಾಳದ ಬರಗಾಲ ನೋಡಿ ಸಸ್ಯಾಹಾರಿಯಾದವರು, ಕೊನೆಯವರೆಗೂ ಹಾಗೇ ಇದ್ದರು.

ಈ ಕತೆಯನ್ನು ಇಲ್ಲಿನವರು ಕಣ್ಣು ಒದ್ದೆ ಮಾಡಿಕೊಂಡು ಹೇಳುತ್ತಾರೆ. ನನಗೆ ಅದರಲ್ಲಿ ಸ್ವಲ್ಪ ಅನುಮಾನವೂ ಇದೆ. ಇಬ್ಬರು ಗಂಡಸರು ಒಂದು ಕೋಣೆಯಲ್ಲಿ ಕೂತು ದೇಶದ ಸರ್ಕಾರದ ಹಣೆಬರಹ ಮಾತಾಡಿಕೊಂಡರು, ಮತ ಹಾಕಿದ ಜನಕ್ಕೆ ಇದು ಗೊತ್ತೇ ಇರಲಿಲ್ಲ. ಇದನ್ನು ಉದಾತ್ತ ಅನ್ನಬೇಕೋ ಉಸಿರುಗಟ್ಟಿಸುವಂಥದ್ದು ಅನ್ನಬೇಕೋ? ಎರಡೂ ಹೌದು ಅಂತ ಕಾಣುತ್ತದೆ. ಆದರೆ ಆ ಕೋಣೆಯಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರ ಬಳಿ ಬೆಲೆ ಇತ್ತು. ಅದು ಇಲ್ಲದೇ ಹೋದಾಗ ಏನಾಗುತ್ತದೆ ಅಂತ ತೋರಿಸಲು ಈಚಿನ ವರ್ಷಗಳೇ ಸಾಕು.

2018ರ ಜುಲೈನಲ್ಲಿ ಲಿಬರಲ್ ಡೆಮಾಕ್ರಾಟ್ ಎಂಪಿ ಜೋ ಸ್ವಿನ್ಸನ್ ಹೆರಿಗೆ ರಜೆಯಲ್ಲಿದ್ದರು. ಅವರ ಜೋಡಿ ಕನ್ಸರ್ವೇಟಿವ್ ಪಕ್ಷದ ಅಧ್ಯಕ್ಷ ಬ್ರ್ಯಾಂಡನ್ ಲೂಯಿಸ್. ಬ್ರೆಕ್ಸಿಟ್‌ಗೆ ಸಂಬಂಧಿಸಿದ ಬಿಗಿ ಮತದಾನಗಳಲ್ಲಿ ಲೂಯಿಸ್ ಹೋಗಿ ಮತ ಹಾಕಿಬಿಟ್ಟರು. ತಪ್ಪಾಯಿತು, ಗಮನಕ್ಕೆ ಬರಲಿಲ್ಲ ಅಂತ ಆಮೇಲೆ ಕ್ಷಮೆ ಕೇಳಿದರು. ಆರು ತಿಂಗಳ ಮೇಲೆ ಆಗಿನ ಪ್ರಧಾನಿ ತೆರೆಸಾ ಮೇ ಅವರ ಬ್ರೆಕ್ಸಿಟ್ ಒಪ್ಪಂದದ ಮತದಾನ. ತುಂಬು ಗರ್ಭಿಣಿಯಾಗಿದ್ದ ಲೇಬರ್ ಎಂಪಿ ಟುಲಿಪ್ ಸಿದ್ದಿಕ್‌ಗೆ ಜೋಡಿ ಕೊಡುತ್ತೇವೆ ಅಂದರು. ಸ್ವಿನ್ಸನ್‌ಗೆ ಆಗಿದ್ದು ನೋಡಿದ ಮೇಲೆ ನಂಬಿಕೆ ಇಲ್ಲ ಅಂದರು ಸಿದ್ದಿಕ್. ಸಿಸೇರಿಯನ್ ಮುಂದೂಡಿ ಗಾಲಿಕುರ್ಚಿಯಲ್ಲಿ ಬಂದು ಮತ ಹಾಕಿದರು. ಸರ್ಕಾರ ಅವತ್ತು 230 ಮತಗಳಿಂದ ಸೋತಿತು. ಅಂದರೆ ಅವರ ಒಂದು ಮತದಿಂದ ಏನೂ ಆಗಬೇಕಿರಲಿಲ್ಲ. ಅದೇ ತಿಂಗಳು ಹೆರಿಗೆ ರಜೆಯವರ ಪರವಾಗಿ ಬೇರೆಯವರು ಮತ ಹಾಕುವ ನಿಯಮ ಬಂತು. ಇಬ್ಬರ ನಡುವಿನ ಮಾತು ಸಾಲದಾದಾಗ ಕಾಗದ ಬೇಕಾಯಿತು.

ಜಾನ್ಸನ್ ಕಾಲದಲ್ಲಿ ಸಚೇತಕರ ಕಚೇರಿಯೇ ಕೊಳೆಯಿತು. ಇದು ಉತ್ಪ್ರೇಕ್ಷೆ ಅಲ್ಲ. 2022ರ ಜೂನ್ 29ರ ರಾತ್ರಿ ಕಾರ್ಲ್‌ಟನ್ ಕ್ಲಬ್ಬಿನಲ್ಲಿ ಉಪ ಮುಖ್ಯ ಸಚೇತಕ ಕ್ರಿಸ್ ಪಿಂಚರ್ ಇಬ್ಬರು ಗಂಡಸರ ಮೈ ಮುಟ್ಟಿದರು ಅಂತ ಆರೋಪ ಬಂತು. ಮಾರನೇ ದಿನ ರಾಜೀನಾಮೆ ಕೊಟ್ಟರು. ಎಂಪಿಗಳ ಕಷ್ಟಸುಖ, ಗುಟ್ಟು ಎಲ್ಲ ಕೇಳಬೇಕಾದ ಜಾಗದಲ್ಲಿ ಕೂತ ಮನುಷ್ಯ! ಇವರ ಮೇಲಿನ ಹಳೆಯ ದೂರು ಪ್ರಧಾನಿಗೆ ಗೊತ್ತಿತ್ತಾ ಅನ್ನುವುದು ಮುಂದಿನ ಪ್ರಶ್ನೆ. ಗೊತ್ತಿರಲಿಲ್ಲ ಅಂದಿತು ಪ್ರಧಾನಿ ಕಚೇರಿ. ಸಚಿವರು ಟಿವಿಗೆ ಹೋಗಿ ಅದನ್ನೇ ಹೇಳಿದರು. ಜುಲೈ 5ರ ಬೆಳಗ್ಗೆ ವಿದೇಶಾಂಗ ಇಲಾಖೆಯ ಮಾಜಿ ಮುಖ್ಯಸ್ಥ ಸೈಮನ್ ಮೆಕ್‌ಡೊನಾಲ್ಡ್ ಪತ್ರ ಬರೆದು, ಪ್ರಧಾನಿಗೆ ಖುದ್ದಾಗಿ ತಿಳಿಸಲಾಗಿತ್ತು ಅಂದರು. ಸಂಜೆಗೆ ಸಚಿವರಾದ ರಿಷಿ ಸುನಕ್, ಸಾಜಿದ್ ಜಾವಿದ್ ರಾಜೀನಾಮೆ. ಆಮೇಲೆ ಐವತ್ತಕ್ಕೂ ಜಾಸ್ತಿ ಜನ. ಶಿಕ್ಷಣ ಸಚಿವೆಯಾಗಿ ಬಂದ ಮಿಶೆಲ್ ಡೊನೆಲನ್ ಎರಡು ದಿನ ತುಂಬುವ ಮೊದಲೇ ಹೋದರು. 7ರಂದು ಜಾನ್ಸನ್ ಹೊರಗೆ ಬಂದು, ಹಿಂಡು ಒಮ್ಮೆ ಹೊರಟರೆ ಹೊರಟಿತು ಅಂತ ಎಂಪಿಗಳನ್ನೇ ಬೈದರು. ಹಿಂಡನ್ನು ನೋಡಿಕೊಳ್ಳಲು ಯಾರನ್ನು ಇಟ್ಟಿದ್ದೆ ಅನ್ನುವುದನ್ನು ಅವರು ಹೇಳಲಿಲ್ಲ.

ಒಂದು ತಿಂಗಳ ಹಿಂದಷ್ಟೇ ಅವರು ಪಕ್ಷದೊಳಗಿನ ವಿಶ್ವಾಸಮತ ಗೆದ್ದಿದ್ದರು, 211–148. ಅದನ್ನು ನಡೆಸಿದ್ದು ಕನ್ಸರ್ವೇಟಿವ್ ಹಿಂಬದಿ ಸಾಲಿನ ಎಂಪಿಗಳ 1922 ಸಮಿತಿ. (ಹುಟ್ಟಿದ್ದು 1923ರಲ್ಲಿ. ಯಾಕೆ ಅಂತ ಕೇಳಬೇಡಿ, ಈ ದೇಶದಲ್ಲಿ ಎಲ್ಲವೂ ಹೀಗೇ.) ಆಗಿನ ನಿಯಮದಂತೆ ನೂರಕ್ಕೆ ಹದಿನೈದು ಎಂಪಿಗಳು ನಾಯಕರ ಮೇಲೆ ನಂಬಿಕೆಯಿಲ್ಲ ಅಂತ ಅಧ್ಯಕ್ಷರಿಗೆ ಪತ್ರ ಬರೆದರೆ ಮತದಾನ. ಅಧ್ಯಕ್ಷರಾಗಿದ್ದವರು ಗ್ರಹಾಂ ಬ್ರೇಡಿ. ಎಷ್ಟು ಪತ್ರ ಬಂದಿದೆ ಅಂತ ಅವರೊಬ್ಬರಿಗೇ ಗೊತ್ತು. ಹೆಂಡತಿಗೂ ಹೇಳಬಾರದಂಥ ಗುಟ್ಟು ಅನ್ನುವ ಹಾಗೆ ಕಾಪಾಡಿದರು. ರಾಣಿಯ ಆಳ್ವಿಕೆಯ ಎಪ್ಪತ್ತರ ಸಂಭ್ರಮ ಮುಗಿಯುವವರೆಗೆ ಲೆಕ್ಕಕ್ಕೆ ಹಿಡಿಯಬೇಡಿ ಅಂತ ಮುಂದಿನ ತಾರೀಕು ಹಾಕಿ ಕೊಟ್ಟವರೂ ಇದ್ದರು. ಪ್ರಧಾನಿಯನ್ನು ಇಳಿಸಬೇಕು, ಆದರೆ ಹಬ್ಬ ಕೆಡಿಸಬಾರದು.

ಜಾನ್ಸನ್ ನಂತರ ಪ್ರಧಾನಿಯಾದ ಲಿಜ್ ಟ್ರಸ್ ಕತೆಯಲ್ಲಿ ಎಲ್ಲರೂ ಮಿನಿ ಬಜೆಟ್ ಬಗ್ಗೆ ಬರೆದಿದ್ದಾರೆ. ಪೌಂಡ್ ಬಿತ್ತು, ಸಾಲದ ಬಡ್ಡಿ ಏರಿತು, ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಹೋದರು. ನಮ್ಮಂಥವರ ಮನೆ ಸಾಲಕ್ಕೂ ಅದರ ಬಿಸಿ ತಟ್ಟಿತು, ಸರಿ. ಆದರೆ ಅವರ ಕೊನೆಯ ರಾತ್ರಿ ನೋಡಬೇಕಿತ್ತು. 2022ರ ಅಕ್ಟೋಬರ್ 19. ಭೂಮಿಯೊಳಗಿನ ಬಂಡೆ ಒಡೆದು ಗ್ಯಾಸ್ ತೆಗೆಯುವ ಫ್ರ್ಯಾಕಿಂಗ್ ಮೇಲೆ ಲೇಬರ್ ಒಂದು ಗೊತ್ತುವಳಿ ತಂದಿತ್ತು. ಕನ್ಸರ್ವೇಟಿವ್ ಎಂಪಿಗಳಲ್ಲೇ ತುಂಬಾ ಜನಕ್ಕೆ ಫ್ರ್ಯಾಕಿಂಗ್ ಬೇಡವಾಗಿತ್ತು, ಅವರವರ ಕ್ಷೇತ್ರದ ಜನಕ್ಕೂ ಬೇಡ. ಇಂಥ ಹೊತ್ತಲ್ಲಿ ಒಬ್ಬೊಬ್ಬರನ್ನೇ ಕರೆದು ಮಾತಾಡಬೇಕಿತ್ತು. ಅದರ ಬದಲು, ಇದು ಸರ್ಕಾರದ ಮೇಲಿನ ವಿಶ್ವಾಸಮತ, ಮೀರಿದರೆ ಹೊರಗೆ ಅಂತ ಬೆಳಗ್ಗೆ ಉಪ ಮುಖ್ಯ ಸಚೇತಕರು ಎಲ್ಲರಿಗೂ ಸಂದೇಶ ಕಳಿಸಿದರು. ರಾತ್ರಿ ಮತದಾನಕ್ಕೆ ಕೆಲವೇ ನಿಮಿಷ ಇರುವಾಗ ಸಚಿವ ಗ್ರಹಾಂ ಸ್ಟುವರ್ಟ್ ಎದ್ದು ನಿಂತು, ಇದು ವಿಶ್ವಾಸಮತ ಅಲ್ಲ ಅಂದುಬಿಟ್ಟರು. ಹಾಗಾದರೆ ಯಾವುದು ನಿಜ? ಓಣಿಯ ಬಾಗಿಲಲ್ಲಿ ಕಿರುಚಾಟ, ಎಳೆದಾಟದ ಆರೋಪ. ಮುಖ್ಯ ಸಚೇತಕಿ ವೆಂಡಿ ಮಾರ್ಟನ್ ರಾಜೀನಾಮೆ ಕೊಟ್ಟರು ಅಂತ ಸುದ್ದಿ ಹಬ್ಬಿತು. ಇಲ್ಲ, ಇದ್ದಾರೆ ಅಂತ ಹೇಳಲು ಪ್ರಧಾನಿ ಕಚೇರಿಗೆ ಗಂಟೆಗಟ್ಟಲೆ ಬೇಕಾಯಿತು. ತಮಾಷೆ ಅಂದರೆ ಮತದಾನದಲ್ಲಿ ಸರ್ಕಾರ ಸುಲಭವಾಗಿ ಗೆದ್ದಿತು, ಅವತ್ತು ಸದನದಲ್ಲಿ ಘೋಷಿಸಿದ ಲೆಕ್ಕ 326–230. ಮಾರನೇ ಮಧ್ಯಾಹ್ನ ಟ್ರಸ್ ರಾಜೀನಾಮೆ ಘೋಷಿಸಿದರು.

ನಾಲ್ಕು ದಿನಕ್ಕೆ ದೀಪಾವಳಿ. ಅವತ್ತೇ ಸುನಕ್ ಪಕ್ಷದ ನಾಯಕರಾದರು. ಬೆಂಗಳೂರಿನ ಅಳಿಯ, ನಾರಾಯಣ ಮೂರ್ತಿ ಮತ್ತು ಸುಧಾ ಮೂರ್ತಿ ಅವರ ಮಗಳನ್ನು ಕೈಹಿಡಿದವರು. ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಅವತ್ತು ಹಂಚದ ಸಿಹಿಯಿಲ್ಲ. ಅವರು ಹೇಗೆ ಆಯ್ಕೆಯಾದರು ಅಂತ ಮಾತ್ರ ಯಾರೂ ಕೇಳಲಿಲ್ಲ. ಏಳು ವಾರದ ಹಿಂದೆ ಪಕ್ಷದ ಸದಸ್ಯರು ಇದೇ ಸುನಕ್ ಅವರನ್ನು ಬೇಡ ಅಂದು ಟ್ರಸ್ ಅವರನ್ನು ಆರಿಸಿದ್ದರು. ಈ ಸಲ 1922 ಸಮಿತಿ ಒಂದು ಅಡ್ಡಗೋಡೆ ಹಾಕಿತು. ಸ್ಪರ್ಧೆಗೆ ಇಳಿಯಲು 100 ಎಂಪಿಗಳ ಬೆಂಬಲ ಬೇಕು. ಜಾನ್ಸನ್ ಹಿಂದಿನ ರಾತ್ರಿ ಹಿಂದೆ ಸರಿದರು, ಇನ್ನೊಬ್ಬ ಆಕಾಂಕ್ಷಿ ಪೆನ್ನಿ ಮಾರ್ಡಂಟ್ ಗಡುವಿಗೆ ನಿಮಿಷಗಳಿರುವಾಗ ಸರಿದರು. ಸದಸ್ಯರ ಮತದಾನವೇ ನಡೆಯಲಿಲ್ಲ. ಸುನಕ್ ಒಳ್ಳೆಯವರೋ ಕೆಟ್ಟವರೋ ಅದು ಬೇರೆ ಮಾತು. ಒಂದು ದೇಶದ ಪ್ರಧಾನಿ ಆ ವಾರಾಂತ್ಯದ ಫೋನ್ ಕರೆಗಳಲ್ಲಿ ಆಯ್ಕೆಯಾದರು.

ತೆರೆಮರೆಯಲ್ಲಿ ಇನ್ನೊಂದು ಜನವರ್ಗವಿದೆ, ಅವರ ಬಗ್ಗೆ ಯಾರೂ ಬರೆಯುವುದಿಲ್ಲ. ಕೋವಿಡ್ ಲಾಕ್‌ಡೌನ್ ಹೊತ್ತಿನಲ್ಲಿ ಪ್ರಧಾನಿಯ ಮನೆ, ಕಚೇರಿ ಇರುವ ಡೌನಿಂಗ್ ಸ್ಟ್ರೀಟಿನಲ್ಲಿ ನಡೆದ ಪಾರ್ಟಿಗಳ ಬಗ್ಗೆ ಸರ್ಕಾರಿ ಅಧಿಕಾರಿ ಸ್ಯೂ ಗ್ರೇ ಅವರ ವರದಿ 2022ರ ಮೇ 25ರಂದು ಬಂತು. ಪೊಲೀಸರು 126 ದಂಡದ ನೋಟಿಸು ಕೊಟ್ಟಿದ್ದು, ಗೋಡೆಗೆ ವೈನ್ ಚೆಲ್ಲಿದ್ದು ಎಲ್ಲ ಸುದ್ದಿಯಾಯಿತು. ವರದಿಯ ಕೊನೆಯ ಕಡೆ ಒಂದು ಸಾಲಿತ್ತು. ಕಾವಲಿನವರನ್ನೂ ಕ್ಲೀನಿಂಗ್ ಮಾಡುವವರನ್ನೂ ಮರ್ಯಾದೆ ಇಲ್ಲದೆ ನಡೆಸಿಕೊಂಡ ಹಲವು ಉದಾಹರಣೆ ಸಿಕ್ಕಿದೆ ಅಂತ. ನನಗೆ ಇಡೀ ವರದಿಯಲ್ಲಿ ಸಿಟ್ಟು ತರಿಸಿದ್ದು ಅದೇ ಸಾಲು. ರಾತ್ರಿ ಪಾರ್ಟಿಯಾಗಿದೆ ಅಂತ ಬೆಳಗ್ಗೆ ಬಂದ ಕ್ಲೀನರುಗಳಿಗೆ ಕಸದ ಬುಟ್ಟಿ ನೋಡಿದರೇ ಗೊತ್ತಾಗಿರುತ್ತದೆ. ದೇಶಕ್ಕೆ ಗೊತ್ತಾಗಲು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಇನ್ನು ಲೇಬರ್. 2024ರ ಜುಲೈನಲ್ಲಿ ಕಿಯರ್ ಸ್ಟಾರ್ಮರ್ ಭಾರಿ ಬಹುಮತದಿಂದ ಬಂದರು. ಮೂರು ವಾರದೊಳಗೆ ಏಳು ಎಂಪಿಗಳನ್ನು ಸಂಸದೀಯ ಪಕ್ಷದಿಂದ ಹೊರಗಿಟ್ಟರು. ಅವರ ತಪ್ಪು? ಮೂರನೇ ಮಗುವಿಗೆ ಸರ್ಕಾರಿ ನೆರವು ಕೊಡದ ಎರಡು ಮಕ್ಕಳ ಮಿತಿಯನ್ನು ತೆಗೆಯಿರಿ ಅಂತ ಮತ ಹಾಕಿದ್ದು. 2025ರ ನವೆಂಬರ್ ಬಜೆಟ್ಟಿನಲ್ಲಿ ಅದೇ ಸರ್ಕಾರ ಆ ಮಿತಿ ತೆಗೆಯುವುದಾಗಿ ಹೇಳಿತು. ಹೊರಗಿಟ್ಟಿದ್ದು ಯಾಕೆ ಅಂತ ಈಗ ಕೇಳಿದರೆ ಏನು ಹೇಳುತ್ತಾರೋ.

ಇವೆರಡರ ನಡುವೆ ಬಂದದ್ದು ಅಂಗವಿಕಲರ ನೆರವನ್ನು ಕಡಿತ ಮಾಡುವ ಮಸೂದೆ. ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ದೇಶದವರಾದ ನಮಗೆ ಇಲ್ಲಿ ಮತದಾನದ ಹಕ್ಕಿದೆ. ಊರಲ್ಲಿ ಶಾಸಕರ ಮನೆ ಬಾಗಿಲಿಗೆ ಹೋಗದ ನಾನು ಇಲ್ಲಿ ಎಂಪಿಗೆ ಕಾಗದ ಬರೆದೆ. ಇಲ್ಲಿನ ಎಂಪಿಗಳು ಸಾಮಾನ್ಯವಾಗಿ ಶುಕ್ರವಾರ ಊರಿನ ಲೈಬ್ರರಿಯಲ್ಲೋ ಚರ್ಚಿನ ಹಾಲಿನಲ್ಲೋ ಕೂತು ಜನರ ಅಹವಾಲು ಕೇಳುತ್ತಾರೆ. ಅದಕ್ಕೆ ಸರ್ಜರಿ ಅನ್ನುತ್ತಾರೆ. 2016ರಲ್ಲಿ ಜೋ ಕಾಕ್ಸ್ ಕೊಲೆಯಾಗಿದ್ದು ಇಂಥ ಸರ್ಜರಿಗೆ ಹೋಗುವಾಗ, 2021ರಲ್ಲಿ ಡೇವಿಡ್ ಏಮೆಸ್ ಕೊಲೆಯಾಗಿದ್ದು ಸರ್ಜರಿಯ ಒಳಗೇ. ಈಗ ಮುಂಚೆಯೇ ಹೆಸರು ಬರೆಸಬೇಕು, ಜಾಗ ಕೊನೆಗೆ ತಿಳಿಸುತ್ತಾರೆ. ಆದರೂ ನಿಲ್ಲಿಸಿಲ್ಲ. ಒಂದು ಸಲ ಹೋಗಿದ್ದೆ, ಮನೆಯವರ ವೀಸಾ ವಿಷಯಕ್ಕೆ. ನನ್ನ ಮುಂದಿನ ಸಾಲಿನಲ್ಲಿ ಇದ್ದವರೆಲ್ಲ ಮನೆ, ಬಾಡಿಗೆ, ಪಿಂಚಣಿ, ಅಂಗವಿಕಲ ಮಗನ ನೆರವು ಅಂತ ಬಂದವರು. ಎಂಪಿ ಪಕ್ಕ ಕೂತ ಹುಡುಗಿ ಎಲ್ಲ ಬರೆದುಕೊಳ್ಳುತ್ತಿದ್ದಳು. ಬಂಡಾಯ ಎಲ್ಲಿ ಹುಟ್ಟುತ್ತದೆ ಅಂತ ಕೇಳಿದರೆ ನಾನು ಆ ನೋಟ್‌ಬುಕ್ ತೋರಿಸುತ್ತೇನೆ.

ಆ ಮಸೂದೆ ಬೇಡ ಅಂತ ಲೇಬರ್ ಪಕ್ಷದ 120ಕ್ಕೂ ಹೆಚ್ಚು ಎಂಪಿಗಳು ಸಹಿ ಹಾಕಿದರು. ಸಚೇತಕಿ ವಿಕಿ ಫಾಕ್ಸ್‌ಕ್ರಾಫ್ಟ್ ಹುದ್ದೆಯನ್ನೇ ಬಿಟ್ಟರು. ಬೇರೆಯವರನ್ನು ಒಪ್ಪಿಸಬೇಕಾದವರಿಗೇ ಒಪ್ಪಿಗೆಯಿಲ್ಲ! ಅಷ್ಟು ಆದ ಮೇಲೆ ಮಾತುಕತೆ ಶುರುವಾಯಿತು. 2025ರ ಜುಲೈ 1ರಂದು ಚರ್ಚೆ ನಡೆಯುತ್ತಿರುವಾಗಲೇ ಸಚಿವ ಸ್ಟೀಫನ್ ಟಿಮ್ಸ್ ಎದ್ದು ಮಸೂದೆಯ ತಿರುಳನ್ನೇ ಕೈಬಿಡುತ್ತೇವೆ ಅಂದರು. ಎಂಪಿಗಳು ತಾವು ಈಗ ಯಾವುದಕ್ಕೆ ಮತ ಹಾಕುತ್ತಿದ್ದೇವೆ ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಮಸೂದೆ 335–260ರಲ್ಲಿ ಪಾಸಾಯಿತು. ಆದರೂ ಲೇಬರ್ ಪಕ್ಷದ 49 ಜನ ವಿರುದ್ಧ ಹಾಕಿದರು.

ಯಾರು ಯಾವ ಕಡೆ ಅನ್ನುವ ಪಟ್ಟಿ ಅವತ್ತೇ ಸಂಸತ್ತಿನ ವೆಬ್‌ಸೈಟಿನಲ್ಲಿ ಬರುತ್ತದೆ. ತೆಗೆದು ನೋಡಿದೆ. ನಮ್ಮ ಎಂಪಿ ಹೆಸರು ಮೊದಲ ಸಹಿಗಳಲ್ಲಿ ಇತ್ತು, 49ರಲ್ಲಿ ಇರಲಿಲ್ಲ. ನನ್ನ ಕಾಗದಕ್ಕೆ ಬಂದ ಉತ್ತರ ಎಲ್ಲರಿಗೂ ಕಳಿಸುವ ಅದೇ ಅಚ್ಚಿನ ಉತ್ತರ. ನಡುವಿನ ದಿನಗಳಲ್ಲಿ ಯಾರು ಬಂದು ಮಾತಾಡಿದರು, ಏನು ಕೊಡುತ್ತೇವೆ ಅಂದರು ಅಂತ ಅದರಲ್ಲಿ ಇಲ್ಲ. ಮುಂದಿನ ಸರ್ಜರಿಗೆ ಹೆಸರು ಬರೆಸಿದ್ದೇನೆ. ವಿಷಯ ಏನು ಅನ್ನುವ ಕಾಲಂನಲ್ಲಿ, ಖುದ್ದಾಗಿ ಹೇಳುತ್ತೇನೆ ಅಂತ ಹಾಕಿದ್ದೇನೆ.